ಆರ್‌ಟಿಒ ಅಪ್ರೂವ್ಡ್ ಅಂದ್ರೆ ಯಾರು ಅಪ್ರೂವ್ ಮಾಡಿದ್ದು?

ಗುಂಪು: ಹೊಸಮನೆ ಬಳಗ

ಪ್ರಜ್ವಲ್ ಹಂಚಿದ ಜಾಹೀರಾತು: "ಥಾರ್‌ಗೆ 2 ಇಂಚು ಲಿಫ್ಟ್ ಕಿಟ್ + 33 ಇಂಚಿನ ಮಡ್ ಟೈರ್. ಒಂದೇ ದಿನದಲ್ಲಿ ಫಿಟ್ಟಿಂಗ್. ಆರ್‌ಟಿಒ ಅಪ್ರೂವ್ಡ್!"

ಪ್ರಜ್ವಲ್: ಗಾಡಿ ಎತ್ತರ ಮಾಡೋ ಈ ಕಿಟ್, ಟೈರ್ ಎರಡನ್ನೂ ಶನಿವಾರ ಹಾಕಿಸ್ತಿದ್ದೀನಿ. ಅಡ್ವಾನ್ಸ್ ಕೊಟ್ಟಾಯ್ತು. ದೀಪಾವಳಿಗೆ ಊರಿಗೆ ಬಂದಾಗ ತೋಟದ ಏರು ಒಂದೇ ದಮ್ಮಿಗೆ 💪

ರಮೇಶ ಚಿಕ್ಕಪ್ಪ: ಭರ್ಜರಿ ಕಣೋ. ಮಳೆ ಬಿದ್ರೆ ನನ್ನ ಎಂಎಂ 540 ಜೀಪ್ ಕೂಡ ಅಲ್ಲಿ ಒದ್ದಾಡುತ್ತೆ.

ನಾಗರಾಜ ಮಾವ: ಪ್ರಜ್ವಲ್, ಬಾಕಿ ದುಡ್ಡು ಕೊಡಬೇಡ. ಅಪ್ರೂವ್ಡ್ ಅಂತ ಬರೆದಿದ್ದಾರಲ್ಲ, ಯಾವ ಆಫೀಸಿನ ಕಾಗದ, ಯಾವ ನಂಬರಿನ ಗಾಡಿಗೆ ಕೊಟ್ಟಿದ್ದು, ಕೇಳು. ಬ್ರೇಕ್ ಇನ್ಸ್‌ಪೆಕ್ಟರ್ ಆಗಿ 28 ವರ್ಷ ಇದ್ದೆ. ಲಿಫ್ಟ್ ಕಿಟ್‌ಗೆ ಅಂಥದೊಂದು ಕಾಗದ ನನ್ನ ಮೇಜಿಗೆ ಬಂದಿದ್ದಿಲ್ಲ.

ಪ್ರಜ್ವಲ್: ಮಾವ, ನನ್ನ ಆರ್‌ಸಿಯಲ್ಲಿ ಬಣ್ಣ ಇದೆ, ಸಿಸಿ ಇದೆ, ಸೀಟು ಇದೆ. ಟೈರ್ ಸೈಜೂ ಇಲ್ಲ, ಎತ್ತರವೂ ಇಲ್ಲ. ಅದರಲ್ಲಿ ಇಲ್ಲದ್ದನ್ನ ನಾನು ಬದಲಾಯಿಸಿದೆ ಅಂತ ಹೇಗೆ ಹೇಳ್ತಾರೆ? ಮೋಟಾರು ವಾಹನ ಕಾಯ್ದೆಯ ಕಲಂ 52 ಓದಿಯೇ ಹೇಳ್ತಿದ್ದೀನಿ. ಗಾಡಿಯ ರಚನೆ ಬದಲಾಗಿ, ಅದರಿಂದ ಮೂಲ ಲಕ್ಷಣವೇ ಬದಲಾದ್ರೆ ಮಾತ್ರ ಮಾರ್ಪಾಡು ಅಂತ ವಿವರಣೆ ಇದೆ. ಸ್ಪ್ರಿಂಗ್ ಬದಲಿಸಿದ್ರೆ ಥಾರ್ ಥಾರ್ ಅಲ್ಲದೆ ಹೋಗುತ್ತಾ?

ನಾಗರಾಜ ಮಾವ: ಓದಿದ್ದು ಸಂತೋಷ. ಅದೇ ಕಲಮಿನ ಮೊದಲಲ್ಲೇ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆ ಆಗಬಾರದು ಅಂತಿದೆ. ಕೇರಳದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಎತ್ತಿ ಹಿಡಿದಿದ್ದು ಆ ಮಾತನ್ನೇ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲ 6 ತಿಂಗಳವರೆಗೆ ಜೈಲು, ಎರಡೂ ಹಾಕಬಹುದು. ಲಿಫ್ಟ್ ಒಂದು, ಟೈರ್ ಇನ್ನೊಂದು. ನಿನ್ನ ವಾದ ಕೋರ್ಟಲ್ಲಿ ನಿಂತರೂ ನಿಲ್ಲಬಹುದು. ಆದ್ರೆ ಅಲ್ಲಿ ಕಟಕಟೆಯಲ್ಲಿ ನಿಲ್ಲೋನು ನೀನು, ಗ್ಯಾರೇಜಿನವನಲ್ಲ.

ರಮೇಶ ಚಿಕ್ಕಪ್ಪ: ನಾಗರಾಜಣ್ಣ, ಘಟ್ಟದ ಮೇಲೆ ಎಷ್ಟು ಜೀಪಿಗೆ ಎತ್ತರಕ್ಕೆ ಅಂತ ಸ್ಪ್ರಿಂಗ್ ಪ್ಲೇಟ್ ಜಾಸ್ತಿ ಹಾಕ್ಸಿಲ್ಲ? ಯಾರು ಹಿಡಿದಿದ್ದಾರೆ? ಇದು ಎಳೆ ಹುಡುಗನ್ನ ಹೆದರಿಸೋ ಮಾತಾಯ್ತು.

ನಾಗರಾಜ ಮಾವ: ಹೆದರಲಿ ಅಂತಲೇ ಹೇಳ್ತಿದ್ದೀನಿ ರಮೇಶ. ನೀವೂ ಕೇಳಿ. ಘಾಟಿಯಲ್ಲಿ ಬಿದ್ದ ಜೀಪೊಂದನ್ನ ನೋಡೋಕೆ ಹೋಗಿದ್ದೆ. ಎತ್ತರ ಮಾಡಿಸಿ ಮೂರು ತಿಂಗಳಾಗಿತ್ತು. ಸ್ಪ್ರಿಂಗ್ ಹೊಸದು, ಶಾಕ್ ಹೊಸದು, ಬ್ರೇಕ್ ಹೋಸು, ಅಂದ್ರೆ ಬ್ರೇಕ್ ಎಣ್ಣೆಯ ಪೈಪು ಮಾತ್ರ ಮೊದಲಿನ ಉದ್ದದ್ದೇ. ಗುಂಡಿಯಲ್ಲಿ ಚಕ್ರ ಜೋತುಬಿದ್ದಾಗೆಲ್ಲ ಎಳೆದೂ ಎಳೆದೂ ಅದರ ಜೋಡಣೆ ಹತ್ತಿರ ಬಿರುಕು ಬಿಟ್ಟು, ಇಳಿಜಾರಲ್ಲಿ ಹರಿದಿದೆ. ಆ ತುದಿ ಕೈಯಲ್ಲಿ ಹಿಡಿದು ನೋಡಿದೆ, ಕಬ್ಬಿನ ಸಿಪ್ಪೆ ಹಾಗೆ ನಾರುನಾರಾಗಿತ್ತು. ಹುಡುಗನಿಗೆ 26 ವರ್ಷ. ಅವನ ಅಪ್ಪ ಸ್ಟೇಷನ್ ಮೆಟ್ಟಿಲ ಮೇಲೆ ಕೂತು "ಏನೂ ಆಗಲ್ಲ ಅಂದಿದ್ರು ಸಾರ್" ಅಂತ ಅದೊಂದನ್ನೇ ಹೇಳ್ತಿದ್ರು. ಸಸ್ಪೆನ್ಷನ್ ಮೂಲದಂತಿಲ್ಲ ಅಂತ ರಿಪೋರ್ಟಲ್ಲಿ ನಾನು ಬರೆಯಲೇಬೇಕಿತ್ತು, ಬರೆದೆ. ಇನ್ಶೂರೆನ್ಸಿನವರು ಆ ಸಾಲನ್ನೇ ಹಿಡಿದುಕೊಂಡರು.

ಅಮ್ಮ: ಅಣ್ಣಾ, ಇದನ್ನ ಯಾವತ್ತೂ ಹೇಳಿರಲಿಲ್ಲ ನೀನು.

ರಮೇಶ ಚಿಕ್ಕಪ್ಪ: 🙏

ವಿದ್ಯಾ ಅಕ್ಕ (ಬ್ರಿಸ್ಬೇನ್): ಈಗ ನೋಡಿದೆ. ಮಾವ ಹೇಳಿದ್ದಕ್ಕೆ ಎರಡು ಮಾತಿಲ್ಲ. ಆದ್ರೆ ಇಲ್ಲಿ ಕ್ವೀನ್ಸ್‌ಲ್ಯಾಂಡಲ್ಲಿ ಇದಕ್ಕೆ ಮಿಲಿಮೀಟರ್ ಲೆಕ್ಕವೇ ಇದೆ. ಫೋರ್ ವೀಲ್ ಡ್ರೈವ್ ಗಾಡಿಯನ್ನ ಒಟ್ಟು 75 ಮಿಮೀವರೆಗೆ ಎತ್ತರ ಮಾಡಿಸಬಹುದು, ಸರ್ಟಿಫಿಕೇಟ್ ಬೇಡ. ಸಸ್ಪೆನ್ಷನ್‌ನಿಂದ 50, ಟೈರಿನಿಂದ 25. ಅಂದ್ರೆ ಟೈರಿನ ವ್ಯಾಸ 50 ಮಿಮೀ ಹೆಚ್ಚಬಹುದು. ಅದಕ್ಕಿಂತ ಮೇಲೆ ಹೋದ್ರೆ ಎಂಜಿನಿಯರ್ ನೋಡಿ ಗಾಡಿಗೆ ಒಪ್ಪಿಗೆಯ ಪ್ಲೇಟ್ ಹೊಡೆದು ಕೊಡಬೇಕು.

ಪ್ರಜ್ವಲ್: ನೋಡಿ ಮಾವ! ನನ್ನ 255/65 ಆರ್18 ಟೈರಿನ ವ್ಯಾಸ 789 ಮಿಮೀ. 33 ಇಂಚು ಅಂದ್ರೆ 838. ವ್ಯತ್ಯಾಸ 49. ಅಲ್ಲಿ ಪಾಸ್!

ವಿದ್ಯಾ ಅಕ್ಕ: ಟೈರ್ ಪಾಸ್. ಲಿಫ್ಟ್ ಫೇಲ್ ಪುಟ್ಟಾ. 2 ಇಂಚು ಅಂದ್ರೆ 50.8.

ಪ್ರಜ್ವಲ್: ಅಯ್ಯೋ ಅಕ್ಕಾ, 0.8ಕ್ಕೆ?

ವಿದ್ಯಾ ಅಕ್ಕ: ಗೆರೆ ಅಂತ ಎಳೆದ ಮೇಲೆ ಅದು ಗೆರೆಯೇ.

ನಾಗರಾಜ ಮಾವ: ವಿದ್ಯಾ, ನಮ್ಮಲ್ಲೂ ಅಂಥ ಲೆಕ್ಕ ಬರಬೇಕು. ಸರ್ವಿಸಲ್ಲಿದ್ದಾಗಲೇ ಮೀಟಿಂಗಲ್ಲಿ ಹೇಳಿದ್ದೆ. ಟೇಪ್ ಹಿಡಿದು ಅಳೆಯೋ ಹಾಗಿದ್ರೆ ಇನ್ಸ್‌ಪೆಕ್ಟರಿಗೂ ಓನರಿಗೂ ರಸ್ತೆ ಮೇಲೆ ಜಗಳವೇ ಬೇಡ. ಈಗಿರೋದು "ಮೂಲದಂತಿರಬೇಕು" ಅನ್ನೋ ಒಂದು ಮಾತು, ಅದಕ್ಕೆ ಒಬ್ಬೊಬ್ಬ ಅಧಿಕಾರಿ ಒಂದೊಂದು ಅರ್ಥ ಮಾಡ್ತಾನೆ. ಅದು ತಪ್ಪು, ಒಪ್ತೀನಿ. ಆದ್ರೆ ಆ ಲೆಕ್ಕ ಬರೋವರೆಗೆ ಕಂಪನಿಯವರು ನಿನ್ನ ಮಾಡೆಲ್ಲಿಗೆ ಕೊಟ್ಟಿರೋ ಸೈಜು ಬಿಟ್ಟು ಆಚೆ ಹೋಗಬೇಡ.
ಇನ್ನೊಂದು ಲೆಕ್ಕ ನೀನೇ ಹಾಕು. 838 ಭಾಗಿಸು 789. ಮೀಟರ್ 80 ತೋರಿಸುವಾಗ ಗಾಡಿ 85ರಲ್ಲಿ ಓಡುತ್ತೆ. ಥಾರ್‌ನ ಮುಂದಿನ ಚಕ್ರ ಇಂಡಿಪೆಂಡೆಂಟ್ ಬೇರೆ, ಎಡಬಲ ಎರಡೂ ತಮ್ಮಷ್ಟಕ್ಕೆ ಮೇಲೆ ಕೆಳಗೆ ಆಡುತ್ತೆ. ಎತ್ತಿದಷ್ಟೂ ಡ್ರೈವ್ ಶಾಫ್ಟ್ ಓರೆಯಾಗಿ ಅದರ ಮೇಲಿನ ರಬ್ಬರ್ ಬೂಟಿಗೆ ಪೆಟ್ಟು.

ಅಮ್ಮ: ಅಜ್ಜಿಗೆ ಈಗಲೇ ಅದಕ್ಕೆ ಹತ್ತೋಕೆ ಸ್ಟೂಲ್ ಇಡಬೇಕು. ಇನ್ನೂ ಮೂರು ಇಂಚು ಮೇಲೆ ಹೋದ್ರೆ ಅವರನ್ನ ಆಸ್ಪತ್ರೆಗೆ ಹೇಗೋ ಕರ್ಕೊಂಡು ಹೋಗೋದು?

ಪ್ರಜ್ವಲ್: ಗ್ಯಾರೇಜಿಗೆ ಮೆಸೇಜ್ ಹಾಕಿದ್ದೀನಿ. ಅಪ್ರೂವಲ್ ಕಾಪಿ ಕಳಿಸಿ ಅಂತ.

(ಸಂಜೆ 7:40)

ಪ್ರಜ್ವಲ್: ಉತ್ತರ ಬಂತು. "ಸರ್, ಕಿಟ್ ಕ್ವಾಲಿಟಿ ಬಗ್ಗೆ ಮಾತ್ರ ನಮ್ಮ ಗ್ಯಾರಂಟಿ. ಆರ್‌ಟಿಒ, ಇನ್ಶೂರೆನ್ಸ್ ಓನರ್ ಜವಾಬ್ದಾರಿ."

ರಮೇಶ ಚಿಕ್ಕಪ್ಪ: ಹಾಗಾದ್ರೆ ಜಾಹೀರಾತಲ್ಲಿ ಬರೆದಿದ್ದು ಏನಂತೆ? ಬಿಡೋ, ಬೇಡ. ಅಡ್ವಾನ್ಸ್ ವಾಪಸ್ ಕೇಳು. ಕೊಡದಿದ್ರೆ ಆ ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಕೋ.

ಪ್ರಜ್ವಲ್: ಕೇಳಿದ್ದೀನಿ ಚಿಕ್ಕಪ್ಪ. ಅದೇ ಸೈಜಲ್ಲಿ ರಸ್ತೆಗೂ ಮಣ್ಣಿಗೂ ಆಗೋ ಒಳ್ಳೆ ಎಟಿ ಟೈರ್ ಹಾಕಿಸ್ಬಹುದಾ ಮಾವ?

ನಾಗರಾಜ ಮಾವ: ಧಾರಾಳವಾಗಿ. ಲೋಡ್ ನಂಬರು, ಸ್ಪೀಡ್ ಅಕ್ಷರ ಈಗಿನದಕ್ಕಿಂತ ಕಮ್ಮಿ ಇರಬಾರದು, ಟೈರಿನ ಪಕ್ಕೆಯಲ್ಲಿ ಬರೆದಿರುತ್ತೆ. ತೋಟದ ಏರಿಗೆ ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸು, ನಾಲ್ಕೂ ಚಕ್ರಕ್ಕೆ ನಿಧಾನದ ಗೇರ್ ಕೊಡೋ ಫೋರ್ ಲೋ ಹಾಕು, ಹತ್ತುತ್ತೆ. ಪಕ್ಕದಲ್ಲಿ ನಾನೇ ಕೂತ್ಕೋತೀನಿ. ಡಾಂಬರು ರಸ್ತೆಗೆ ಬರೋ ಮುಂಚೆ ಮತ್ತೆ ಗಾಳಿ ತುಂಬಬೇಕು, ಕಂಪ್ರೆಸರ್ ತರೋದು ಮರೀಬೇಡ.

ಪ್ರಜ್ವಲ್: ತರ್ತೀನಿ ಮಾವ 👍