ಚಿಕ್ಕಪ್ಪ, ಆ ಕಲೆಯನ್ನು ಕೆರೆಯಬೇಡಿ

ಚಿಕ್ಕಪ್ಪ, ನಿಮ್ಮ ಸಂದೇಶವನ್ನು ಎರಡು ಸಲ ಕೇಳಿದೆ. ಬೋಳು ನೆತ್ತಿಯ ಮೇಲೆ ಉಪ್ಪುಕಾಗದದಂಥ ಒರಟು ಕಲೆ ಎದ್ದಿದೆ, ಕೆರೆದರೆ ಉದುರುತ್ತದೆ, ಮತ್ತೆ ಬರುತ್ತದೆ ಎಂದಿರಿ. ಜೊತೆಗೆ, ‘68 ದಾಟಿದವನಿಗೆ ಇನ್ನು ಸನ್‌ಸ್ಕ್ರೀನ್ ಏಕೆ’ ಎಂದೂ ಕೇಳಿದಿರಿ. ಆ ಮಾತಿಗೇ ನನ್ನ ತಕರಾರು.

ಮೊದಲು ಕೆರೆಯುವುದನ್ನು ನಿಲ್ಲಿಸಿ, ಈ ವಾರವೇ ಚರ್ಮದ ವೈದ್ಯರಿಗೆ ತೋರಿಸಿ. ಕಳೆದ ವರ್ಷ ನನ್ನ ಕಣ್ಣಿನ ಪಕ್ಕದಲ್ಲೂ ಇಂಥದೇ ಒಂದಿತ್ತು. ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ, ಮುಖ ತೊಳೆಯುವಾಗ ಬೆರಳಿಗೆ ತಡೆಯುತ್ತಿತ್ತು, ಅಷ್ಟೆ. ಅದು ಆಕ್ಟಿನಿಕ್ ಕೆರಟೋಸಿಸ್ ಎಂದು ವೈದ್ಯರು ಹೇಳಿದರು. ವರ್ಷಗಟ್ಟಲೆ ಬಿದ್ದ ಬಿಸಿಲಿನ ಅತಿನೇರಳೆ ಕಿರಣಗಳು ಡಿಎನ್ಎಯನ್ನು ಕೆಡಿಸಿದಾಗ ಚರ್ಮದ ಮೇಲ್ಪದರದ ಜೀವಕೋಶಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಅದು ಕ್ಯಾನ್ಸರ್ ಅಲ್ಲ. ಆದರೆ ಇಂಥವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್‌ಗೆ ತಿರುಗುತ್ತವೆ, ಯಾವುದು ತಿರುಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಕಲೆಯನ್ನು ಹೆಪ್ಪುಗಟ್ಟಿಸಿ ತೆಗೆಯಲು ಅತಿ ತಣ್ಣನೆಯ ದ್ರವ ಸಾರಜನಕ ಸಿಂಪಡಿಸಿದಾಗ ಚುರುಕ್ಕೆಂದಿತು, ಬೊಬ್ಬೆ ಎದ್ದಿತು, ಹಕ್ಕಳೆ ಕಟ್ಟಿ ಎರಡು ವಾರದಲ್ಲಿ ಉದುರಿತು. ಹೆದರುವಂಥದ್ದೇನೂ ಇಲ್ಲ.

ಇನ್ನು ನಿಮ್ಮ ‘ಏಕೆ’. ಆಸ್ಟ್ರೇಲಿಯಾದಲ್ಲಿ ಆಗಲೇ ಇಂಥ ಕಲೆಗಳಿದ್ದ, 40 ದಾಟಿದ ಸುಮಾರು ಆರುನೂರು ಜನರ ಮೇಲೆ ಒಂದು ಬೇಸಿಗೆ ಪೂರ್ತಿ ನಡೆದ ಪ್ರಯೋಗದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಸನ್‌ಸ್ಕ್ರೀನ್, ಉಳಿದವರಿಗೆ ಬಿಸಿಲು ತಡೆಯುವ ಅಂಶವಿಲ್ಲದ ಬರಿ ಕ್ರೀಮ್. ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಹೊಸ ಕಲೆಗಳು ಕಡಿಮೆ ಎದ್ದವು. ಅದಕ್ಕಿಂತ ಮುಖ್ಯವಾಗಿ, ಇದ್ದ ಕಲೆಗಳಲ್ಲೂ ಹೆಚ್ಚು ಮಾಯವಾದವು! ಬಿಸಿಲನ್ನು ತಡೆದರೆ ಚರ್ಮ ತನ್ನನ್ನು ತಾನೇ ಸ್ವಲ್ಪಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ. ಈಗ ಹೇಳಿ, ತಡವಾಯಿತೇ?

ಆದರೆ ಬೊಟ್ಟಿಟ್ಟಂತೆ ಹಚ್ಚಿದರೆ ಏನೂ ಆಗದು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ, ಡಬ್ಬಿಯ ಮೇಲೆ ಬರೆದಿರುತ್ತದೆ) 30 ಅಥವಾ ಹೆಚ್ಚಿನದು, ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದದಷ್ಟು ಕ್ರೀಮ್, ನೆತ್ತಿಗೆ ಬೇರೆಯಾಗಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಮೋಡವಿದ್ದರೂ ಬೇಕು. ನಿಮ್ಮ ಕ್ಯಾಪ್ ನನಗೆ ಇಷ್ಟವಿಲ್ಲ, ಅದು ಕಿವಿ ಕತ್ತುಗಳನ್ನು ಬಿಸಿಲಿಗೇ ಬಿಟ್ಟುಬಿಡುತ್ತದೆ. ಸುತ್ತಲೂ ಅಗಲ ಅಂಚಿರುವ ಟೋಪಿ ಹಾಕಿ, ಉದ್ದ ತೋಳಿನ ಅಂಗಿ ತೊಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಹೊತ್ತಿನ ಬಿಸಿಲು ಕಟುವಾದದ್ದು, ಆಗ ನೆರಳಿಗೆ ಸರಿಯಿರಿ.

ಕಲೆ ದಪ್ಪವಾದರೆ, ನೋವು ಬಂದರೆ, ರಕ್ತ ಜಿನುಗಿದರೆ ವೈದ್ಯರಲ್ಲಿಗೆ ಆ ದಿನವೇ ಹೋಗಿ. ನೆತ್ತಿ ನಿಮಗೆ ಕಾಣುವುದಿಲ್ಲ. ಇವತ್ತು ಸಂಜೆ ಚಿಕ್ಕಮ್ಮನಿಗೆ ಹೇಳಿ ನೆತ್ತಿ, ಕಿವಿಯ ಅಂಚು, ಕತ್ತಿನ ಹಿಂಭಾಗವನ್ನೆಲ್ಲ ಬೆರಳಿನಿಂದ ಸವರಿ ನೋಡಿಸಿ. ಎಲ್ಲೆಲ್ಲಿ ಒರಟಿದೆ ಎಂದು ನನಗೆ ತಿಳಿಸಿ, ವೈದ್ಯರ ಬಳಿಗೆ ನಾನೂ ಜೊತೆಗೆ ಬರುತ್ತೇನೆ.