ರೋಮಿನಲ್ಲಿ ರಾಜ ಹೋದ, ಗಣರಾಜ್ಯವೂ ಹೋಯಿತು; ಉಳಿದದ್ದು ಏನು?

ಮಂಜೇಶ್ವರದ ವಿದ್ಯಾರ್ಥಿನಿ:
ನಾನು ಬಿ.ಎ. ಚರಿತ್ರೆ ಓದುತ್ತಿದ್ದೇನೆ. ಕ್ರಿ.ಪೂ. 509ರಲ್ಲಿ ರೋಮನ್ನರು ರಾಜನನ್ನು ಓಡಿಸಿದರು, ಕ್ರಿ.ಪೂ. 27ರಲ್ಲಿ ಆಗಸ್ಟಸ್ ಚಕ್ರವರ್ತಿಯಾಗಿ ಬಂದು ಗಣರಾಜ್ಯವೂ ಮುಗಿಯಿತು ಎಂದು ಪಾಠದಲ್ಲಿದೆ. ಸೆನೆಟ್ ಎಂಬ ಹಿರಿಯರ ಸಭೆ, ಕಾನ್ಸಲ್ ಎಂಬ ಮೇಲಧಿಕಾರಿಯ ಹುದ್ದೆ, ಹಬ್ಬಗಳು ಮುಂದುವರಿದವು ಅಂತಲೂ ಇದೆ. ಹಾಗಾದರೆ ಜನರ ಬದುಕಿನಲ್ಲಿ ಬದಲಾದದ್ದೇನು? ಪ್ರಬಂಧ ಬರೆಯಲಿಕ್ಕಿದೆ, ಯಾರಾದರೂ ಬಿಡಿಸಿ ಹೇಳುತ್ತೀರಾ?

ಹೊಸೂರಿನ ಓದುಗ:
ಮತ ಹಾಕಿ ಆರಿಸುವುದು ಹೋಯಿತು. ಕ್ರಿ.ಶ. 14ರಲ್ಲಿ, ಆಗಸ್ಟಸ್ ನಂತರದ ಚಕ್ರವರ್ತಿ ತಿಬೇರಿಯಸ್ ಅಧಿಕಾರಿಗಳ ಆಯ್ಕೆಯನ್ನು ಜನರ ಕೈಯಿಂದ ಸೆನೆಟ್‌ಗೆ ಕೊಟ್ಟ. ಸೈನ್ಯ ಚಕ್ರವರ್ತಿಯ ಕೈಯಲ್ಲಿತ್ತು.

ಬದಿಯಡ್ಕದ ನಿವೃತ್ತ ಮಾಸ್ಟ್ರು:
ಮಗಳೇ, ಈ ಪ್ರಶ್ನೆ ಕಾಸರಗೋಡಿನ ನಮ್ಮ ಗಡಿ ಕನ್ನಡಿಗರಿಗೆ ತೀರಾ ಹತ್ತಿರದ್ದು. ರಾಜನನ್ನು ಓಡಿಸಿದವರೇ, ಅವನು ಮಾಡುತ್ತಿದ್ದ ಪೂಜೆ ನಿಲ್ಲಬಾರದೆಂದು 'ರೆಕ್ಸ್ ಸ್ಯಾಕ್ರೋರಮ್' ಎಂಬ ಪುರೋಹಿತನನ್ನು ಇಟ್ಟುಕೊಂಡರು. ಹೆಸರಿಗೆ ರಾಜ, ಆದರೆ ಯಾವ ರಾಜಕೀಯ ಹುದ್ದೆಗೂ ಏರುವಂತಿಲ್ಲ. ಕ್ರಿ.ಶ. 476ರಲ್ಲಿ ಪಶ್ಚಿಮ ರೋಮ್ ಸಾಮ್ರಾಜ್ಯದ ಕೊನೆಯ ಚಕ್ರವರ್ತಿಯನ್ನು ಇಳಿಸಿದ ಮೇಲೂ ಸೆನೆಟ್ ಸೇರುತ್ತಲೇ ಇತ್ತು.

ಮನೆಯೊಳಗೆ ನೋಡು. ಲಾರ್ ಎಂಬ ಮನೆದೈವಗಳ ಚಿತ್ರ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇಯಿ ಊರಿನ ಅಡುಗೆಮನೆ ಗೋಡೆಗಳಲ್ಲಿ ಈಗಲೂ ಇದೆ. ನಮ್ಮ ಸೀಮೆಯನ್ನು ಇಕ್ಕೇರಿಯವರು, ಟಿಪ್ಪು, ಕಂಪೆನಿ, ಮದ್ರಾಸು, 1956ರಿಂದ ಕೇರಳ ಆಳಿದರೂ ದೈವಕ್ಕೆ ಕೋಲ ಕೊಡುವುದು ನಿಂತಿಲ್ಲವಲ್ಲ, ಹಾಗೆ. ಆಗಸ್ಟಸ್‌ಗೆ ಇದರ ಬಲ ಗೊತ್ತಿತ್ತು. ಕ್ರಿ.ಪೂ. 7ರಲ್ಲಿ ನಗರವನ್ನು 14 ಭಾಗ ಮಾಡಿದಾಗ, ಬೀದಿ ಕೂಡುವಲ್ಲಿದ್ದ ಲಾರ್ ಗುಡಿಗಳ ಪೂಜೆಗೆ ತನ್ನ 'ಜೀನಿಯಸ್' ಎಂಬ ರಕ್ಷಕಶಕ್ತಿಯನ್ನೂ ಸೇರಿಸಿದ.

ಭಾಷೆ ಮಾತ್ರ ಹಾಗೆ ತಾನಾಗಿ ಉಳಿಯುವುದಿಲ್ಲ. ಪೊಂಪೇಯಿಯವರ ಮಾತು ಓಸ್ಕನ್. ಕ್ರಿ.ಪೂ. 80ರಲ್ಲಿ ರೋಮಿನ ಸೇನಾಪತಿ ಸುಲ್ಲಾ ತನ್ನ ಹಳೆಯ ಸೈನಿಕರನ್ನು ತಂದು ಅಲ್ಲಿ ನೆಲೆಗೊಳಿಸಿದ. ಆಮೇಲೆ ಊರಾಡಳಿತದ ಶಾಸನವೆಲ್ಲ ಲ್ಯಾಟಿನ್. ಗ್ರೀಕ್ ಮಾತಿನ ಊರಾದ ನೇಪಲ್ಸ್‌ನವರೂ ರೋಮಿನ ಪ್ರಜೆಗಳಾದರು. ಆದರೆ ವ್ಯಾಯಾಮಶಾಲೆ, ಹುಡುಗರ ತರಬೇತಿ, ಸಂಗೀತ ಮತ್ತು ಕ್ರೀಡೆಯ ಸ್ಪರ್ಧೆ ಎಲ್ಲವನ್ನೂ ಗ್ರೀಕರ ಕ್ರಮದಲ್ಲೇ ನಡೆಸಿಕೊಂಡು ಬಂದರು. ಕ್ರಿ.ಶ. 14ರಲ್ಲಿ, ಸಾಯುವ ಸ್ವಲ್ಪ ಮೊದಲು, ಆಗಸ್ಟಸ್ ಆ ಸ್ಪರ್ಧೆ ನೋಡಲು ಹೋಗಿದ್ದ. ಮಕ್ಕಳು ಸಾಲದೆ ನಮ್ಮ ಶಾಲೆಯ ಕನ್ನಡ ಮಾಧ್ಯಮದ ಡಿವಿಷನ್ ಹೋಗದಿರಲೆಂದು ರಜೆಯಲ್ಲಿ ಮನೆಮನೆಗೆ ನಡೆದು ಮಕ್ಕಳನ್ನು ಕೇಳಿದವನು ನಾನು. ನೇಪಲ್ಸಿನ ಜನ ನನಗೆ ನೆಂಟರ ಹಾಗೆ ಕಾಣುತ್ತಾರೆ.

ಕುಂಬಳೆಯ ಭಾಗವತ:
ಮಾಸ್ಟ್ರೇ, ಒಂದು ತಕರಾರು. ರೋಮಿನ ಉತ್ತರದ ನೆರೆಯವರಾದ ಎಟ್ರುಸ್ಕನ್ನರ ಭಾಷೆ ಅಳಿದು ಎಷ್ಟೋ ಕಾಲದ ಮೇಲೂ, ಬಲಿಪಶುವಿನ ಕರುಳು ನೋಡಿ ಶಕುನ ಹೇಳುವ ಅವರ ವಿದ್ಯೆ ನಡೆಯಿತಲ್ಲ? ಕ್ರಿ.ಶ. 408ರಲ್ಲಿ ಗೋಥರ ದೊರೆ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿದಾಗಲೂ ಆ ಶಕುನದವರು ನೆರವಿಗೆ ಬಂದರಂತೆ. ನಮ್ಮ ಯಕ್ಷಗಾನ ತರಗತಿಗೆ ಮಲಯಾಳ ಮಾಧ್ಯಮದ ಮಕ್ಕಳು ಬರುತ್ತಾರೆ, ಹೆಜ್ಜೆ ಚೆಂದ ಹಾಕುತ್ತಾರೆ.

ಬದಿಯಡ್ಕದ ನಿವೃತ್ತ ಮಾಸ್ಟ್ರು:
ಆ ಮಕ್ಕಳನ್ನು ಬಿಡಬೇಡಿ ಭಾಗವತರೇ, ಕೇಳಿ ತುಂಬ ಸಂತೋಷವಾಯಿತು. ಆದರೆ ತಾಳಮದ್ದಳೆಯಲ್ಲಿ ಅರ್ಥಕ್ಕೆ ಕೂತಾಗ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ ಕೇಳಿ ಅಲ್ಲೇ ಮಾತು ಹುಟ್ಟಬೇಕಲ್ಲ, ಅದಕ್ಕೆ ಕನ್ನಡ ಬೇಕು. ಚಕ್ರವರ್ತಿ ಕ್ಲಾಡಿಯಸ್ ಎಟ್ರುಸ್ಕನ್ನರ ಚರಿತ್ರೆಯನ್ನು 20 ಸಂಪುಟ ಬರೆದ, ಅದೂ ಗ್ರೀಕಿನಲ್ಲಿ. ಆ ಗ್ರಂಥ ಉಳಿಯಲಿಲ್ಲ. ಇವತ್ತು ಎಟ್ರುಸ್ಕನ್ ಶಾಸನಗಳ ಅಕ್ಷರ ಓದಬಹುದು, ಅರ್ಥ ಪೂರ್ತಿ ಆಗುವುದಿಲ್ಲ.

ಮಗಳೇ, ಪ್ರಬಂಧಕ್ಕೆ ಪೊಂಪೇಯಿ, ನೇಪಲ್ಸ್ ಎರಡನ್ನೇ ಹಿಡಿ. ಒಂದೇ ಕೊಲ್ಲಿಯ ಊರುಗಳು, ಆಳಿದ್ದು ಒಂದೇ ರೋಮ್. ಬರೆದಾದ ಮೇಲೆ ಇಲ್ಲಿ ಹಾಕು, ಓದುತ್ತೇನೆ.