ಅಮ್ಮನ ಜೊತೆ ಕೂತು ನೋಡಲು ಒಂದು ಒಳ್ಳೆಯ ಸೀರೀಸ್ ಹೇಳಿ

ಪ್ರಶ್ನೆ: ಅಂಬಲಪಾಡಿ, ಉಡುಪಿಯಿಂದ

ಎಲ್ಲರಿಗೂ ನಮಸ್ಕಾರ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆಗೆ ಆಪರೇಷನ್ ಆಗಿದೆ. ವಯಸ್ಸು 71. ಇನ್ನೆರಡು ತಿಂಗಳು ವಾಕರ್ ಹಿಡಿದೇ ನಡೆಯಬೇಕು. ಹಗಲು ಹೇಗೋ ಕಳೆಯುತ್ತದೆ. ಅಕ್ಕಪಕ್ಕದವರು ಬರುತ್ತಾರೆ, ನೆಂಟರು ಬರುತ್ತಾರೆ. ಸಂಜೆ ಏಳರ ಮೇಲೆ ಅಮ್ಮನಿಗೆ ತುಂಬಾ ಬೇಸರ. ನಾನು ಕೆಲಸ ಮುಗಿಸಿ ಬಂದು, ಗಂಜಿ ಬಡಿಸಿ, ಒಂದು ಗಂಟೆ ಅವರ ಜೊತೆ ಕೂರುತ್ತೇನೆ. ಆ ಒಂದು ಗಂಟೆಗೆ ಏನಾದರೂ ಒಳ್ಳೆಯದು ಬೇಕು.

ಧಾರಾವಾಹಿ ಹಾಕಿದರೆ "ಇದು ಮುಗಿಯುವಂಥದ್ದಲ್ಲ, ಬೇಡ" ಅನ್ನುತ್ತಾರೆ. ತುಳು, ಕನ್ನಡ ಚೆನ್ನಾಗಿ ಬರುತ್ತದೆ. ಹಿಂದಿ ಅರ್ಧಂಬರ್ಧ. ಸಬ್‌ಟೈಟಲ್ ಓದುವಷ್ಟು ಕಣ್ಣು ಓಡುವುದಿಲ್ಲ. ಕಳೆದ ವರ್ಷ, 2025ರಲ್ಲಿ, ನೀವು ಮನೆಯವರ ಜೊತೆ ನೋಡಿ ಮನಸ್ಸಿಗೆ ಹಿಡಿಸಿದ ಒಂದು ಸೀರೀಸ್ ಹೇಳಿ. ಯಾಕೆ ಹಿಡಿಸಿತು ಅಂತಲೂ ಹೇಳಿ.

ಬ್ರಹ್ಮಾವರದಿಂದ

ಅಕ್ಕ, ನನ್ನ ಉತ್ತರ ಒಂದೇ, "ಪಂಚಾಯತ್". ಹಿಂದಿ ಅಂತ ಈಗಲೇ ಬಿಟ್ಟುಬಿಡಬೇಡಿ. ಮೊದಲು ನಮ್ಮ ಮನೆಯಲ್ಲಿ ಆದದ್ದು ಕೇಳಿ.

ನನ್ನ ಅಪ್ಪ 34 ವರ್ಷ ಮುಂಬೈಯಲ್ಲಿ ಇದ್ದವರು. ಹದಿನಾರನೇ ವಯಸ್ಸಿಗೆ ಊರು ಬಿಟ್ಟು, ಮಾಟುಂಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿ, ಕೊನೆಗೆ ಗಲ್ಲಾದಲ್ಲಿ ಕೂತವರು. ಊರಿಗೆ ಬಂದ ಮೇಲೆ ಅವರ ಹಿಂದಿಗೆ ಕೆಲಸವೇ ಇಲ್ಲದಾಯಿತು. ಟಿವಿಯಲ್ಲಿ ವಾರ್ತೆ ಮುಗಿದರೆ ಎದ್ದು ಹೋಗುತ್ತಿದ್ದರು. 2025ರ ಜೂನ್ 24ಕ್ಕೆ ಪಂಚಾಯತ್‌ನ ನಾಲ್ಕನೇ ಸೀಸನ್ ಬಂತು. ಹೊರಗೆ ಜೋರು ಮಳೆ, ಎಲ್ಲಿಗೂ ಹೋಗುವ ಹಾಗಿಲ್ಲ. ಮೊದಲ ಸೀಸನ್ನಿನಿಂದಲೇ ನೋಡೋಣ ಅಂತ ಹಾಕಿದೆ.

ಕತೆ ಸಣ್ಣದು. ಇಂಜಿನಿಯರಿಂಗ್ ಓದಿದ ಅಭಿಷೇಕ್ ತ್ರಿಪಾಠಿ ಎಂಬ ಹುಡುಗನಿಗೆ ಬೇರೆ ಒಳ್ಳೆಯ ಕೆಲಸ ಸಿಗುವುದಿಲ್ಲ. ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಹಳ್ಳಿಗೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಸಂಬಳ 20 ಸಾವಿರ. ಬಂದ ದಿನವೇ ನೋಡಿದರೆ ಕಚೇರಿಗೆ ಬೀಗ. ಬೀಗದ ಕೈಯನ್ನು ಊರವರು ಪ್ರಧಾನ್, ಅಂದರೆ ಪಂಚಾಯಿತಿ ಅಧ್ಯಕ್ಷ ಅಂತ ಕರೆಯುವವರು ಎಲ್ಲೋ ಕಳೆದುಕೊಂಡಿದ್ದಾರೆ. ಮೊದಲ ಕಂತು ಪೂರ್ತಿ ಆ ಬೀಗದ ಸುತ್ತವೇ. ಅಪ್ಪ ಎದ್ದು ಹೋಗಲಿಲ್ಲ. ಹತ್ತು ನಿಮಿಷ ಆಗುವಾಗ ಅಮ್ಮನಿಗೆ ತುಳುವಿನಲ್ಲಿ ಒಂದೊಂದೇ ಮಾತು ಹೇಳಲು ಶುರು ಮಾಡಿದರು.

ನಿಜವಾಗಿ ಹೇಳಬೇಕಾದದ್ದು ಅಮ್ಮನ ವಿಷಯ. ಫುಲೇರಾದಲ್ಲಿ ಚುನಾವಣೆ ಗೆದ್ದ ನಿಜವಾದ ಪ್ರಧಾನ್ ಮಂಜು ದೇವಿ, ಪಾತ್ರ ಮಾಡಿದ್ದು ನೀನಾ ಗುಪ್ತಾ. ಆದರೆ ಆಡಳಿತ ನಡೆಸುವುದು ಗಂಡ, ರಘುಬೀರ್ ಯಾದವ್. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಗಣರಾಜ್ಯೋತ್ಸವಕ್ಕೆ ಬಾವುಟ ಹಾರಿಸಬೇಕಾದದ್ದು ಗಂಡ ಅಲ್ಲ, ಪ್ರಧಾನ್ ಆದ ಮಂಜು ದೇವಿಯೇ ಎಂದು ಮೇಲಿನಿಂದ ಹೇಳಿಕೆ ಬರುತ್ತದೆ. ಆಕೆಗೆ ಜನಗಣಮನ ಪೂರ್ತಿ ಬರುವುದಿಲ್ಲ. ಮನೆಯಲ್ಲಿ ಬಾಯಿಪಾಠ ಮಾಡುತ್ತಾಳೆ, ತಪ್ಪುತ್ತಾಳೆ, ಮತ್ತೆ ಶುರು ಮಾಡುತ್ತಾಳೆ.

ನನ್ನ ಅಮ್ಮ ಹಿಂದೆ ಒಂದು ಅವಧಿಗೆ ಮಹಿಳಾ ಮೀಸಲಿನಲ್ಲಿ ಗ್ರಾಮ ಪಂಚಾಯತ್ ಸದಸ್ಯೆ ಆಗಿದ್ದರು. ಅದನ್ನು ನಾವು ಯಾರೂ ಮಾತಾಡುತ್ತಲೇ ಇರಲಿಲ್ಲ. ಆ ದೃಶ್ಯ ಬರುವಾಗ ಅಮ್ಮ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಇದ್ದರು. ಕೈ ನಿಂತಿತು. ಕಂತು ಮುಗಿದ ಮೇಲೆ ಹೇಳಿದರು, ಮೊದಲ ಮೀಟಿಂಗಿಗೆ ಹೋದಾಗ "ನೀವು ಸುಮ್ನೆ ಸೈನ್ ಹಾಕಿದರೆ ಸಾಕು" ಅಂದಿದ್ದರಂತೆ. ಇವರು ಆರು ತಿಂಗಳು ಹಾಗೇ ಸೈನ್ ಹಾಕಿದರಂತೆ. ಏಳನೇ ತಿಂಗಳು ನಮ್ಮ ಓಣಿಯ ನೀರಿನ ಪೈಪಿನ ವಿಷಯ ಬಂದಾಗ ಎದ್ದು ನಿಂತರಂತೆ. ಕಾಲು ನಡುಗುತ್ತಾ ಇತ್ತು ಅಂದರು. ಆ ಪೈಪಿನ ನೀರನ್ನೇ ನಾನು ಶಾಲೆಗೆ ಹೋಗುವಾಗಿನಿಂದ ಕುಡಿದದ್ದು. ನನಗೆ ಗೊತ್ತೇ ಇರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ, ಅವರು ಆಗ ಮುಂಬೈಯಲ್ಲಿ.

ಒಂದು ಸೀಸನ್ನಿಗೆ ಎಂಟೇ ಕಂತು. ನಾಲ್ಕೂ ಸೇರಿದರೆ 32. ನಿಮ್ಮ ಎರಡು ತಿಂಗಳಿಗೆ ಸರಿಹೋಗುತ್ತದೆ. ಎರಡು ವಿಷಯ ಮೊದಲೇ ಹೇಳುತ್ತೇನೆ. ಅಲ್ಲಲ್ಲಿ ಬೈಗುಳ ಇದೆ. ಎರಡನೇ ಸೀಸನ್ನಿನ ಕೊನೆಯ ಕಂತು ತುಂಬಾ ಭಾರ, ಅಮ್ಮನಿಗೆ ಮನಸ್ಸು ಸರಿಯಿಲ್ಲದ ದಿನ ಅದನ್ನು ಹಾಕಬೇಡಿ. ನಾಲ್ಕನೇ ಸೀಸನ್ ಪೂರ್ತಿ ಚುನಾವಣೆ. ಒಬ್ಬರ ಚಿಹ್ನೆ ಸೋರೆಕಾಯಿ, ಇನ್ನೊಬ್ಬರದ್ದು ಕುಕ್ಕರ್. ನನಗೆ ಮೊದಲ ಎರಡು ಸೀಸನ್ನಿನಷ್ಟು ಹಿಡಿಸಲಿಲ್ಲ. ಜಗಳ ಜಾಸ್ತಿ ಆಯಿತು, ಮೊದಲಿನ ಆ ನಿಧಾನ ಹೋಯಿತು. ಅಪ್ಪನಿಗೆ ಮಾತ್ರ ಅದೇ ಇಷ್ಟ. ಎಲೆಕ್ಷನ್ ಅಲ್ವಾ.

ಕುಲಶೇಖರ, ಮಂಗಳೂರಿನಿಂದ

ಧಾರಾವಾಹಿ ಬೇಡ ಅಂದರೂ ನಾನು ಒಂದು ಧಾರಾವಾಹಿಯ ಪರವಾಗಿ ಮಾತಾಡುತ್ತೇನೆ. ನಮ್ಮಮ್ಮ ಇವತ್ತಿಗೂ ಬೀಡಿ ಕಟ್ಟುತ್ತಾರೆ. ಒಂದು ಕಾಲದಲ್ಲಿ ದಿನಕ್ಕೆ ಸಾವಿರ, ಈಗ ಕಣ್ಣು, ಬೆನ್ನು ನೋಡಿಕೊಂಡು ನಾನೂರು ಐನೂರು. ಮಡಿಲಲ್ಲಿ ಗೆರಸೆ, ಅದರಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಪುಡಿ. ಸುತ್ತುವುದು, ನೂಲು ಕಟ್ಟುವುದು, ಪಕ್ಕಕ್ಕೆ ಇಡುವುದು. ಕಣ್ಣು ಪೂರ್ತಿ ಕೈಯ ಮೇಲೆ. ಟಿವಿಯನ್ನು ಅವರು ನೋಡುವುದಲ್ಲ, ಕೇಳುವುದು. ಯಾರಾದರೂ ಜೋರಾಗಿ ಅತ್ತರೆ ಮಾತ್ರ ತಲೆ ಎತ್ತುತ್ತಾರೆ.

ಧಾರಾವಾಹಿಯಲ್ಲಿ ಹೇಳಿದ್ದನ್ನೇ ಹೇಳುತ್ತಾರೆ ಅಂತ ನಾವೆಲ್ಲ ಬೈಯುತ್ತೇವೆ. ಕೈಯಲ್ಲಿ ಕೆಲಸ ಇರುವವರಿಗೆ ಅದೇ ಅನುಕೂಲ. ಒಂದು ಮಾತು ತಪ್ಪಿದರೂ ಕತೆ ತಪ್ಪುವುದಿಲ್ಲ. ಅಡುಗೆಮನೆಗೆ ಹೋಗಿ ಬಂದರೂ ತಪ್ಪುವುದಿಲ್ಲ.

ಅಮ್ಮನಿಗೆ ಹಿಡಿಸಿದ್ದು ಕಲರ್ಸ್ ಕನ್ನಡದ "ಭಾಗ್ಯಲಕ್ಷ್ಮಿ". ಶುರುವಾದದ್ದು 2022ರಲ್ಲಿ. ಭಾಗ್ಯ ಆಗಿ ಸುಷ್ಮಾ ಕೆ. ರಾವ್, ಅತ್ತೆ ಕುಸುಮಾ ಆಗಿ ಪದ್ಮಜಾ ರಾವ್. ಓದು ಅರ್ಧಕ್ಕೇ ನಿಂತ ಹೆಂಗಸು ಮಗಳು ಓದುವ ಶಾಲೆಗೇ ಹೋಗಿ ಹತ್ತನೇ ಕ್ಲಾಸಿಗೆ ಕೂರುತ್ತಾಳೆ. ಅತ್ತೆ ಸೊಸೆಯ ಪರ ನಿಲ್ಲುತ್ತಾಳೆ, ಸ್ವಂತ ಮಗನ ವಿರುದ್ಧ. ಆಮೇಲೆ ಗಂಡ ಬಿಟ್ಟು ಹೋದರೂ ಭಾಗ್ಯ ಅಡುಗೆಯ ಕೈಯನ್ನೇ ನಂಬಿ ಮನೆ ನಡೆಸುತ್ತಾಳೆ. ಅಮ್ಮ ಓದಿದ್ದು ಆರನೇ ಕ್ಲಾಸು. ನಮ್ಮ ಮೂವರ ಫೀಸು ಹೋದದ್ದು ಬೀಡಿಯ ದುಡ್ಡಿನಲ್ಲಿ. ಅವರಿಗೆ ಆ ಪಾತ್ರ ಯಾಕೆ ಬೇಕು ಅಂತ ನಾನು ವಿವರಿಸಬೇಕಾಗಿಲ್ಲ.

ಕತೆ ಎಳೆಯುತ್ತಾರೆ, ಒಪ್ಪುತ್ತೇನೆ. ನಿಮ್ಮಮ್ಮನಿಗೆ ಬೇಡ ಅಂದರೆ ಬೇಡ. ಆದರೆ ಒಂದು ಕೆಲಸ ಮಾಡಿ. ಅಮ್ಮನ ಕೈಗೆ ಏನಾದರೂ ಕೊಡಿ. ಹೂ ಕಟ್ಟಲು, ಸೊಪ್ಪು ಬಿಡಿಸಲು, ಏನಾದರೂ. ಸುಮ್ಮನೆ ಕೂತು ಅಭ್ಯಾಸ ಇಲ್ಲದವರಿಗೆ ಎಷ್ಟು ಒಳ್ಳೆಯ ಸೀರೀಸ್ ಹಾಕಿದರೂ ಅರ್ಧ ಗಂಟೆಗೆ ಬೇಸರ ಬರುತ್ತದೆ.

ಮಣಿಪಾಲದಿಂದ

ನನ್ನ ಆಯ್ಕೆ "ಏಕಂ". ಕನ್ನಡದ್ದೇ. ಕರಾವಳಿಯಲ್ಲೇ ನಡೆಯುವ ಏಳು ಬೇರೆ ಬೇರೆ ಕತೆಗಳು. ಬಂದದ್ದು 2024ರ ಜುಲೈಯಲ್ಲಿ, ನಾವು ಮನೆಯಲ್ಲಿ ನೋಡಿದ್ದು 2025ರಲ್ಲಿ. ರಕ್ಷಿತ್ ಶೆಟ್ಟಿಯವರ ನಿರ್ಮಾಣ ಸಂಸ್ಥೆ ಪರಂವಃ ಇದರ ಹಿಂದೆ ಇದೆ. ಪ್ರಕಾಶ್ ರಾಜ್ ಇದ್ದಾರೆ, ರಾಜ್ ಬಿ. ಶೆಟ್ಟಿ ಇದ್ದಾರೆ. ದೊಡ್ಡ ಒಟಿಟಿಗಳು ತೆಗೆದುಕೊಳ್ಳದೆ ಇದ್ದಾಗ ತಂಡದವರು ತಮ್ಮದೇ ಜಾಲತಾಣ ಮಾಡಿ ಬಿಡುಗಡೆ ಮಾಡಿದರು. ಅಷ್ಟು ಕಷ್ಟಪಟ್ಟು ನಮ್ಮ ಊರಿನ ಕತೆ ಹೇಳಿದ್ದನ್ನು ನಾವೇ ನೋಡದಿದ್ದರೆ ಹೇಗೆ ಅಂತ ನನಗೆ ಅನಿಸುತ್ತದೆ.

ನಿಮ್ಮಮ್ಮನಿಗೆ ಇದು ಸರಿ ಅಂತ ಹೇಳಲು ಕಾರಣ ಬೇರೆ ಇದೆ. ನನ್ನ ಅಜ್ಜಿಗೂ ಹೀಗೇ ಆಪರೇಷನ್ ಆಗಿತ್ತು. ಮಾತ್ರೆಯ ಮಂಪರು, ಎಂಟೂವರೆಗೆ ಕಣ್ಣು ಎಳೆಯುತ್ತದೆ. ಉದ್ದದ ಕತೆ ಆದರೆ "ನಿನ್ನೆ ಎಂತ ಆಯಿತು" ಅಂತ ದಿನಾ ಮೊದಲಿಂದ ಹೇಳಬೇಕು. ಏಕಂನಲ್ಲಿ ಒಂದು ರಾತ್ರಿಗೆ ಒಂದು ಕತೆ, ಅಲ್ಲಿಗೆ ಮುಗಿಯಿತು. ಅಜ್ಜಿ ಒಂದು ಕತೆಯ ಮಧ್ಯ ನಿದ್ದೆ ಹೋದರು, ಮರುದಿನ ಹೊಸದು ಹಾಕಿದೆವು, ಏನೂ ತೊಂದರೆ ಆಗಲಿಲ್ಲ. ಮಾತು ನಮ್ಮ ಕಡೆಯದ್ದೇ ಆದ ಕಾರಣ ಕಣ್ಣು ಮುಚ್ಚಿಕೊಂಡೂ ಕೇಳುತ್ತಿದ್ದರು.

ಎಲ್ಲ ಕತೆಗೂ ಸಿಹಿಯಾದ ಮುಕ್ತಾಯ ಇಲ್ಲ. ಕೆಲವು ಹಾಗೇ ನಿಂತುಬಿಡುತ್ತವೆ. ಅಜ್ಜಿ "ಆಮೇಲೆ?" ಅಂತ ಕೇಳುತ್ತಿದ್ದರು. ಆಮೇಲೆ ಏನಾಗಿರಬಹುದು ಅಂತ ಅವರೇ ಹೇಳಲು ಶುರು ಮಾಡಿದ ಮೇಲೆ ನಮಗೆ ರಾತ್ರಿ ಮಲಗುವುದು ತಡವಾಗತೊಡಗಿತು.

ಕದ್ರಿಯಿಂದ

ಜೀ5ರಲ್ಲಿ ಬಂದ "ಅಯ್ಯನ ಮನೆ" ನೋಡಿ. 2025ರ ಏಪ್ರಿಲ್‌ನಲ್ಲಿ ಬಂತು, ಏಳೇ ಕಂತು. ರಮೇಶ್ ಇಂದಿರಾ ನಿರ್ದೇಶನ. ಚಿಕ್ಕಮಗಳೂರು ಕಡೆಯ ಒಂದು ಹಳೆಯ ಮನೆ, ಹೊಸದಾಗಿ ಬಂದ ಸೊಸೆ, ಅವಳಿಗಿಂತ ಮೊದಲು ಆ ಮನೆಯಲ್ಲಿ ಸತ್ತ ಸೊಸೆಯಂದಿರು. ಖುಷಿ ರವಿ ಮುಖ್ಯ ಪಾತ್ರ. ನಮ್ಮ ಉಡುಪಿಯ ಮಾನಸಿ ಸುಧೀರ್ ಇದ್ದಾರೆ, ಅಮ್ಮನಿಗೆ ಅವರ ಮುಖ ಗೊತ್ತಿರುತ್ತದೆ. ಕನ್ನಡ, ಸಣ್ಣದು, ಬೇಗ ಮುಗಿಯುತ್ತದೆ. ಆದರೆ ಹೆದರಿಕೆ ಇದೆ. ರಾತ್ರಿ ಒಬ್ಬರೇ ಮಲಗುವವರಾದರೆ ಮಧ್ಯಾಹ್ನ ಹಾಕಿ.

ಬಿಜೈ, ಮಂಗಳೂರಿನಿಂದ

ನಾನು ಹೇಳುವುದು ಅಮ್ಮನಿಗಲ್ಲ, ನಿಮಗೆ. ಅಮ್ಮ ಮಲಗಿದ ಮೇಲೆ ನಿಮಗೂ ಒಂದು ಗಂಟೆ ಬೇಕಲ್ವಾ. ನೆಟ್‌ಫ್ಲಿಕ್ಸ್‌ನ "ಅಡೋಲೆಸೆನ್ಸ್" ನೋಡಿ. ಇಂಗ್ಲೆಂಡಿನ ಕತೆ, ನಾಲ್ಕೇ ಕಂತು, 2025ರ ಮಾರ್ಚ್‌ನಲ್ಲಿ ಬಂದದ್ದು. ಬೆಳಗ್ಗೆ ಪೊಲೀಸರು ಬಾಗಿಲು ಒಡೆದು 13 ವರ್ಷದ ಹುಡುಗನನ್ನು ಕೊಲೆಯ ಆರೋಪದಲ್ಲಿ ಕರೆದುಕೊಂಡು ಹೋಗುತ್ತಾರೆ. ಪ್ರತಿ ಕಂತೂ ಮೊದಲಿಂದ ಕೊನೆಯ ತನಕ ಒಂದೇ ಶಾಟ್, ಎಲ್ಲೂ ಕತ್ತರಿ ಇಲ್ಲ. ಹುಡುಗನ ಪಾತ್ರ ಮಾಡಿದ ಓವನ್ ಕೂಪರ್‌ಗೆ 15ನೇ ವಯಸ್ಸಿಗೆ ಎಮ್ಮಿ ಪ್ರಶಸ್ತಿ ಬಂತು.

ನಾನು ಹೈಸ್ಕೂಲ್ ಟೀಚರ್. ಮೂರನೇ ಕಂತಿನಲ್ಲಿ ಒಂದು ಕೋಣೆ, ಒಂದು ಮೇಜು, ಆ ಹುಡುಗ ಮತ್ತು ಅವನನ್ನು ಮಾತಾಡಿಸಲು ಬಂದ ಮನಶ್ಶಾಸ್ತ್ರಜ್ಞೆ. ಅವಳು ಅವನಿಗೆ ಬಿಸಿ ಚಾಕಲೇಟ್ ತಂದಿರುತ್ತಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಾಳೆ. ಒಂದು ಕ್ಷಣ ಅವನು ಬರೀ ಮಗು. ಮರುಕ್ಷಣ ಅವಳ ಮೇಲೆ ಕೂಗಿ ಎದ್ದು ನಿಲ್ಲುತ್ತಾನೆ. ಆ ಬದಲಾವಣೆ ನಾನು ಕ್ಲಾಸಿನಲ್ಲಿ ನೋಡಿದ್ದೇನೆ. ಅದನ್ನು ನೋಡಿದ ಮರುದಿನ ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ಬೈಯುವ ಬದಲು ಸ್ಟಾಫ್ ರೂಮಿಗೆ ಕರೆದು ಕೂರಿಸಿ ಮಾತಾಡಿದೆ. ಇಪ್ಪತ್ತು ನಿಮಿಷ ಅವನು ಏನೂ ಹೇಳಲಿಲ್ಲ. ಹೋಗುವಾಗ "ನಾಳೆ ಬರಲಾ ಮೇಡಂ" ಅಂದ. ಕಳೆದ ವರ್ಷ ನೋಡಿದ್ದರಲ್ಲಿ ನನ್ನ ಕೆಲಸವನ್ನು ಬದಲಾಯಿಸಿದ್ದು ಇದೊಂದೇ.

ಬ್ರಹ್ಮಾವರದಿಂದ, ಮತ್ತೆ

ಒಂದು ಹೇಳಲು ಮರೆತೆ. ಪಂಚಾಯತ್ ಹಾಕುವುದಾದರೆ ಸಬ್‌ಟೈಟಲ್ ಆಫ್ ಮಾಡಿ. ಅಕ್ಷರ ಓಡುತ್ತಾ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಓದಲಾಗದೆ ಸುಸ್ತಾಗುತ್ತದೆ. ಬದಲಿಗೆ ನೀವೇ ತುಳುವಿನಲ್ಲಿ ಹೇಳಿ. ರಿಮೋಟ್ ಕೈಯಲ್ಲಿಟ್ಟುಕೊಂಡು ಬೇಕಾದಲ್ಲಿ ನಿಲ್ಲಿಸಿ. ಮತ್ತೆ, ತಗ್ಗಿನ ಸೋಫಾದಲ್ಲಿ ಅಮ್ಮನನ್ನು ಕೂರಿಸಬೇಡಿ ಅಕ್ಕ, ಕೈ ಇರುವ ಎತ್ತರದ ಕುರ್ಚಿಯೇ ಒಳ್ಳೆಯದು.

ಅಂಬಲಪಾಡಿಯಿಂದ, ಒಂಬತ್ತು ದಿನದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ನಿಮ್ಮ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಬೀಡಿ ಕಟ್ಟುವ ಅಮ್ಮನ ವಿಷಯ ಎರಡು ಸಲ ಓದಿಸಿದರು. ನಮ್ಮ ಅಜ್ಜಿಯೂ ಬೀಡಿ ಕಟ್ಟಿದವರು, ಎಲೆ ನೀರಿಗೆ ಹಾಕುವುದು ಅಮ್ಮನ ಕೆಲಸ ಆಗಿತ್ತಂತೆ.

ಶುರು ಮಾಡಿದ್ದು ಪಂಚಾಯತ್‌ನಿಂದ. ಸಬ್‌ಟೈಟಲ್ ಆಫ್, ಅಮ್ಮನ ಮಡಿಲಲ್ಲಿ ಒಂದು ಚೆಂಡು ಮಲ್ಲಿಗೆ ಮೊಗ್ಗು ಮತ್ತು ಬಾಳೆನಾರು. ಮೊದಲ ದಿನ ನಾನು ಪ್ರತಿ ಮಾತಿಗೂ ನಿಲ್ಲಿಸಿ ತುಳುವಿನಲ್ಲಿ ಹೇಳಿದೆ. ಎರಡನೇ ದಿನ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನಕ್ಕರು. ನಾಲ್ಕನೇ ದಿನ "ನೀನು ಮಾತಾಡಬೇಡ, ನನಗೆ ಕೇಳುವುದಿಲ್ಲ" ಅಂದರು. ಬಾವುಟದ ಕಂತು ಮೊನ್ನೆ ಆಯಿತು. ಜನಗಣಮನ ಬರುವಾಗ ವಾಕರ್ ಎಳೆದುಕೊಂಡು ಎದ್ದು ನಿಲ್ಲಲು ನೋಡಿದರು. ಬೇಡ ಅಂದರೂ ಕೇಳಲಿಲ್ಲ. ನಾನು ಬೆನ್ನ ಹಿಂದೆ ಕೈ ಹಿಡಿದು ನಿಂತೆ.

ನಿನ್ನೆ ಕೆಲಸ ಮುಗಿಯುವಾಗ ತಡವಾಯಿತು. ಮನೆಗೆ ಬರುವಾಗ ಎಂಟೂವರೆ. ಅಮ್ಮ ಆಗಲೇ ಕುರ್ಚಿಯಲ್ಲಿ ಕೂತಿದ್ದರು, ರಿಮೋಟ್ ಕೈಯಲ್ಲಿ. "ಗಂಜಿ ಆಮೇಲೆ ಸಾಕು" ಅಂದರು. ಎರಡನೇ ಸೀಸನ್ನಿನಲ್ಲಿ ಇದ್ದೇವೆ. ಆ ಕೊನೆಯ ಕಂತನ್ನು ಭಾನುವಾರಕ್ಕೆ ಇಟ್ಟಿದ್ದೇನೆ, ಆ ದಿನ ಅಕ್ಕನೂ ಕಾರ್ಕಳದಿಂದ ಬರುತ್ತಾಳೆ.